ಕಡಲಿಗಿಳಿಯದ ಕಡತ

ಭಾರತದ ಸಮುದ್ರದಲ್ಲಿ ನಿಂತು ವಿದ್ಯುತ್ ಉತ್ಪಾದಿಸುತ್ತಿರುವ ಗಾಳಿಯಂತ್ರಗಳ ಸಂಖ್ಯೆ ಸೊನ್ನೆ. ಇದನ್ನು ಕೇಳಿ ಮೂಗು ಮುರಿಯುವವರಿಗೆ ಅಂಕಿಗಳ ಬೆಲೆ ಗೊತ್ತಿಲ್ಲ. ರೂಪಾಯಿ ಕುಸಿಯುತ್ತದೆ, ಷೇರುಪೇಟೆ ಮುಗ್ಗರಿಸುತ್ತದೆ, ಜಲಾಶಯದ ಮಟ್ಟ ಏರಿಳಿಯುತ್ತದೆ. ಈ ಸೊನ್ನೆ ಮಾತ್ರ, 2015ರಲ್ಲಿ ಕಡಲ ಪವನ ವಿದ್ಯುತ್ತಿನ ರಾಷ್ಟ್ರೀಯ ನೀತಿ ಹೊರಬಿದ್ದಂದಿನಿಂದ ಕೂದಲೆಳೆಯಷ್ಟೂ ಕದಲಿಲ್ಲ. ಸರ್ಕಾರಿ ಯೋಜನೆಯೊಂದರಲ್ಲಿ ಇಂಥ ಸ್ಥಿರತೆಯನ್ನು ಕಾಣುವುದು ಅಪರೂಪ.

ನೀತಿಯಲ್ಲಿ ಕೊರತೆಯೇನಾದರೂ ಇತ್ತೇ ಎಂದರೆ ಏನೂ ಇಲ್ಲ. ಆ ನೀತಿಯ ಪ್ರಕಾರ ಸಮುದ್ರದಲ್ಲಿ ಕಂಬ ನೆಡಲು ಪರಿಸರ ಸಚಿವಾಲಯ ಒಪ್ಪಬೇಕು, ರಕ್ಷಣೆ ಒಪ್ಪಬೇಕು, ಗೃಹ, ವಿದೇಶಾಂಗ, ನೌಕಾಯಾನ, ಪೆಟ್ರೋಲಿಯಂ ಒಪ್ಪಬೇಕು, ಬಾಹ್ಯಾಕಾಶ ಇಲಾಖೆಯೂ ಒಪ್ಪಬೇಕು. ನೀರಿನಲ್ಲಿ ನಿಲ್ಲುವ ಕಂಬಕ್ಕೂ ಬಾಹ್ಯಾಕಾಶಕ್ಕೂ ಏನು ಸಂಬಂಧ ಎನ್ನಬೇಡಿ, ಕಂಬ ಎತ್ತರವಾಗಿರುತ್ತದೆ. ಮೊದಲ ಹಂತದ ಒಪ್ಪಿಗೆ ಸಿಕ್ಕಿತೆಂದು ಹಿಗ್ಗುವಂತೆಯೂ ಇಲ್ಲ, ಎರಡನೆಯ ಹಂತ ಕಾದಿರುತ್ತದೆ. ಗಾಳಿ ಬಂದಾಗ ತೂರಿಕೋ ಎಂದ ಹಿರಿಯರು ತೂರುವ ಮುನ್ನ ಎಷ್ಟು ನಿರಾಕ್ಷೇಪಣಾ ಪತ್ರ ಲಗತ್ತಿಸಬೇಕು ಎಂಬುದನ್ನು ಹೇಳದೆಯೇ ಹೋಗಿಬಿಟ್ಟರು. ಸಮುದ್ರತಳವನ್ನು ಗುತ್ತಿಗೆಗೆ ಕೊಡುವುದು ಹೇಗೆ ಎಂಬ ನಿಯಮಗಳು ಬಂದದ್ದು 2023ರ ಡಿಸೆಂಬರಿನಲ್ಲಿ. ಅಂದರೆ, ಬನ್ನಿ ಎಂದು ಕರೆದು ಎಂಟು ವರ್ಷವಾದ ಮೇಲೆ ಎಲ್ಲಿ ಕೂರಬೇಕೆಂದು ಹೇಳಿದರು.

ಈ ನಡುವೆ ಗಾಳಿಯನ್ನು ಅಳೆಯುವ ಕೆಲಸ ನಡೆದದ್ದು ಸುಳ್ಳಲ್ಲ. 2017ರ ನವೆಂಬರಿನಲ್ಲಿ ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಲೈಡಾರ್ ಎಂಬ ಉಪಕರಣವನ್ನು ಸ್ಥಾಪಿಸಲಾಯಿತು. ಸಮುದ್ರದ ನಡುವೆ ಒಂದೇ ಕಾಲಿನ ಮೇಲೆ ನಿಂತ ಪುಟ್ಟ ಕಟ್ಟೆ, ಅದರ ಮೇಲೊಂದು ಪೆಟ್ಟಿಗೆ. ಅದು ಲೇಸರ್ ಕಿರಣವನ್ನು ಮೇಲಕ್ಕೆ ಬಿಟ್ಟು ಯಾವ ಎತ್ತರದಲ್ಲಿ ಎಷ್ಟು ಗಾಳಿ ಬೀಸುತ್ತಿದೆ ಎಂದು ಬರೆದಿಟ್ಟುಕೊಳ್ಳುತ್ತದೆ. ಕಾಕತಾಳೀಯವೆಂದರೆ ಡೆನ್ಮಾರ್ಕಿನವರು ವಿಂಡೆಬಿ ಎಂಬಲ್ಲಿದ್ದ ಜಗತ್ತಿನ ಮೊತ್ತಮೊದಲ ಕಡಲ ಪವನ ಸ್ಥಾವರವನ್ನು ಬಿಚ್ಚಿ ಎತ್ತಿಟ್ಟದ್ದೂ ಅದೇ ವರ್ಷ. 1991ರಲ್ಲಿ ನೆಟ್ಟ ಹನ್ನೊಂದು ಯಂತ್ರಗಳು ಕಾಲು ಶತಮಾನ ತಿರುಗಿ, ಸವೆದು, ನಿವೃತ್ತಿ ಪಡೆದವು. ಅವರದು ಪಿಂಚಣಿಗೆ ಹೊರಟ ವರ್ಷ ನಮ್ಮದು ಗಾಳಿ ಬೀಸುತ್ತದೆಯೇ ಎಂದು ಖಚಿತಪಡಿಸಿಕೊಳ್ಳಲು ಹೊರಟಿತು.

ಖಚಿತವಾದದ್ದೇ ತಡ, 2018ರಲ್ಲಿ ಗುರಿಗಳು ಹೊರಬಿದ್ದವು. 2022ರ ಹೊತ್ತಿಗೆ 5,000 ಮೆಗಾವಾಟ್, 2030ರ ಹೊತ್ತಿಗೆ 30,000 ಮೆಗಾವಾಟ್. ಮೊದಲ ಸಾವಿರ ಮೆಗಾವಾಟ್‌ಗೆ ಆಸಕ್ತರು ಯಾರು ಎಂದು ಕೇಳಿದಾಗ ಮೂವತ್ತಕ್ಕೂ ಹೆಚ್ಚು ಕಂಪನಿಗಳು ಕೈಯೆತ್ತಿದವು. ಕೈಯೆತ್ತಲು ಖರ್ಚಿಲ್ಲವಲ್ಲ. 2022 ಬಂತು, ಹೋಯಿತು. ಸಮುದ್ರದಲ್ಲಿ ಅಲೆಗಳಿದ್ದವು, ಮೀನುಗಳಿದ್ದವು, 5,000 ಮೆಗಾವಾಟ್ ಇರಲಿಲ್ಲ.

ಬೇರೆ ದೇಶವಾಗಿದ್ದರೆ ಇಲ್ಲಿ ಯಾರಾದರೂ ತಲೆ ತಗ್ಗಿಸುತ್ತಿದ್ದರೇನೋ. ನಮ್ಮವರ ಬುದ್ಧಿವಂತಿಕೆಗೆ ಕೈ ಮುಗಿಯಬೇಕು. ಹೊಸ ಕಾರ್ಯತಂತ್ರದ ದಾಖಲೆ ಬಂತು. ಅದರಲ್ಲಿ ಅಂಕಿ ಇಳಿಯುವುದಿರಲಿ, 37,000 ಮೆಗಾವಾಟ್‌ಗೆ ಏರಿತ್ತು. ಒಂದೇ ಒಂದು ಸಣ್ಣ ವ್ಯತ್ಯಾಸ. ಈ ಸಲ 2030ರೊಳಗೆ ಆಗಬೇಕಾದದ್ದು ಯಂತ್ರಗಳನ್ನು ನೆಡುವ ಕೆಲಸವಲ್ಲ, ಅಷ್ಟಕ್ಕೆ ಟೆಂಡರ್ ಕರೆಯುವ ಕೆಲಸ. ಕಬ್ಬಿಣ, ಕಾಂಕ್ರೀಟು, ಹಡಗು, ಹಣ ಯಾವುದೂ ಇಲ್ಲದೆ ಮುಟ್ಟಬಹುದಾದ ಗುರಿ. ಟೆಂಡರ್ ಕರೆಯುವುದರಲ್ಲಿ ನಮ್ಮ ಸ್ಥಾಪಿತ ಸಾಮರ್ಥ್ಯವನ್ನು ಸರಿಗಟ್ಟುವ ದೇಶ ಭೂಮಿಯ ಮೇಲಿದೆಯೇ?

2024ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ 7,453 ಕೋಟಿ ರೂಪಾಯಿಯ ನೆರವಿಗೆ ಒಪ್ಪಿಗೆ ಕೊಟ್ಟಿತು. ಗುಜರಾತಿಗೆ 500, ತಮಿಳುನಾಡಿಗೆ 500, ಒಟ್ಟು 1,000 ಮೆಗಾವಾಟ್‌ಗೆ 6,853 ಕೋಟಿ. ಉಳಿದ 600 ಕೋಟಿ ಎರಡು ಬಂದರುಗಳನ್ನು ಸಜ್ಜುಗೊಳಿಸಲು. ಇದು ಮೆಚ್ಚಬೇಕಾದ ನಿರ್ಧಾರವೇ, ಅನುಮಾನವಿಲ್ಲ. ಆದರೆ ಅಂದಿನ ಪ್ರಕಟಣೆಯಲ್ಲಿ ನನ್ನ ಕಣ್ಣು ಕುಕ್ಕಿದ್ದು ಹಣವಲ್ಲ, ದಶಮಾಂಶ. ಈ ಯಂತ್ರಗಳು ವರ್ಷಕ್ಕೆ 3.72 ಶತಕೋಟಿ ಯೂನಿಟ್ ವಿದ್ಯುತ್ ಉತ್ಪಾದಿಸುತ್ತವೆ, 2.98 ದಶಲಕ್ಷ ಟನ್ ಇಂಗಾಲದ ಡೈಆಕ್ಸೈಡ್ ತಗ್ಗಿಸುತ್ತವೆ. ಮೂರು ಎಂದರೆ ಸಾಲದು. ಬಿಂದುವಿನ ಬಳಿಕದ ಎರಡನೆಯ ಸ್ಥಾನದವರೆಗೂ ಲೆಕ್ಕ ಪಕ್ಕಾ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದು ಹಳೆಯ ಕಾಲ. ಈಗ ಕೂಸಿನ ತೂಕವನ್ನು ಗ್ರಾಂಗಳಲ್ಲಿ ಪ್ರಕಟಿಸಿ, ಗಂಡಿಗಾಗಿ ಟೆಂಡರ್ ಕರೆಯುತ್ತಾರೆ.

ಟೆಂಡರ್ ಕರೆದವರು ಯಾರು? ಭಾರತೀಯ ಸೌರಶಕ್ತಿ ನಿಗಮ. ಹೌದು, ಸಮುದ್ರದ ಗಾಳಿಯನ್ನು ಹರಾಜಿಗಿಟ್ಟದ್ದು ಸೂರ್ಯನ ನಿಗಮ. ಅದರಲ್ಲಿ ತಪ್ಪೇನೂ ಇಲ್ಲ ಬಿಡಿ, ಗಾಳಿ ಬೀಸುವುದೂ ಸೂರ್ಯನ ಕೃಪೆಯಿಂದಲೇ ಎಂದು ಪಠ್ಯಪುಸ್ತಕ ಹೇಳುತ್ತದೆ. ರಸವಿರುವುದು ಟೆಂಡರಿನ ಒಳಗೆ.

ಗಾಳಿ ಚೆನ್ನಾಗಿ ಬೀಸುವುದು ತಮಿಳುನಾಡಿನ ದಕ್ಷಿಣ ತುದಿಯ ಕಡಲಿನಲ್ಲಿ. ಖಂಭಾತ್ ಕೊಲ್ಲಿಯ ಗಾಳಿ ಅದರ ಮುಂದೆ ಸಪ್ಪೆ. ಆದರೆ ಧನಸಹಾಯದ ಮೊದಲ 500 ಮೆಗಾವಾಟ್ ಟೆಂಡರ್ ಬಂದದ್ದು ಗುಜರಾತಿಗೆ. ಕಾರಣ ಸರಳ. ಗಾಳಿ ಅಳೆದು, ತಳ ಶೋಧಿಸಿ, ದತ್ತಾಂಶ ಸಿದ್ಧವಾಗಿದ್ದದ್ದು ಅಲ್ಲಿ. ಹೀಗೆ ಗಾಳಿಯಂತ್ರವು ಗಾಳಿಯನ್ನು ಹುಡುಕಿಕೊಂಡು ಹೋಗುವ ಬದಲು ಗಾಳಿಮಾಪಕವನ್ನು ಹುಡುಕಿಕೊಂಡು ಹೋಯಿತು. ಅತ್ತ ತಮಿಳುನಾಡಿನ 4,000 ಮೆಗಾವಾಟ್‌ಗೆ ಸಮುದ್ರತಳದ ಗುತ್ತಿಗೆ ಮಾತ್ರ. ನೆರವು ಇಲ್ಲ, ವಿದ್ಯುತ್ ಕೊಳ್ಳುತ್ತೇವೆಂಬ ಸರ್ಕಾರದ ಮಾತಿಲ್ಲ. ಸಮೀಕ್ಷೆ ನೀವೇ ಮಾಡಿ, ಸಾಲ ನೀವೇ ಎತ್ತಿ, ಯಂತ್ರ ನೀವೇ ನೆಡಿ, ಗಿರಾಕಿಯನ್ನೂ ನೀವೇ ಹಿಡಿದು ತನ್ನಿ. ಯೂನಿಟ್‌ಗೆ ಎರಡೂವರೆ ರೂಪಾಯಿಯ ಆಸುಪಾಸಿನಲ್ಲಿ ಸೌರ ವಿದ್ಯುತ್ ಸಿಗುವ ದೇಶದಲ್ಲಿ, ಅದಕ್ಕಿಂತ ಎಷ್ಟೋ ದುಬಾರಿಯಾದ ಕಡಲ ವಿದ್ಯುತ್ತಿಗೆ ಗಿರಾಕಿ ಎಲ್ಲಿ ಸಿಗುತ್ತಾನೆಂದು ಟೆಂಡರ್ ದಾಖಲೆ ಕಂಪನಿಗಳ ಕಲ್ಪನಾಶಕ್ತಿಗೆ ಬಿಟ್ಟಿತ್ತು. ಒಂದು ಕಡೆ ನೆರವಿತ್ತು, ಗಾಳಿ ಸಾಲದು. ಇನ್ನೊಂದು ಕಡೆ ಗಾಳಿಯಿತ್ತು, ಕೊಳ್ಳುವವನಿಲ್ಲ. ಎರಡನ್ನೂ ಒಂದೇ ಟೆಂಡರಿನಲ್ಲಿ ಕೂಡಿಸುವ ಯೋಚನೆ ಯಾರಿಗೂ ಬರಲಿಲ್ಲವೆಂದಲ್ಲ. ಬಂದದ್ದು ಕಾಗದದಿಂದಾಚೆಗೆ ಹೋಗಲಿಲ್ಲ.

ಕೊನೆಯ ದಿನಾಂಕ ಮುಂದಕ್ಕೆ ಹೋಯಿತು. ಮತ್ತೆ ಹೋಯಿತು. ಮತ್ತೂ ಹೋಯಿತು. 2018ರಲ್ಲಿ ಎತ್ತಿದ ಕೈಗಳೆಲ್ಲ ಜೇಬಿನೊಳಗೇ ಉಳಿದವು. 2025ರಲ್ಲಿ ಎರಡೂ ಟೆಂಡರುಗಳು ರದ್ದಾದವು.

ಇಷ್ಟಾದರೂ ನಮ್ಮ ಎಂಜಿನಿಯರುಗಳಿಗೆ ಗಾಳಿಯಂತ್ರ ಗೊತ್ತಿಲ್ಲವೆಂದಲ್ಲ. ನೆಲದ ಮೇಲೆ 50,000 ಮೆಗಾವಾಟ್ ದಾಟಿದವರು ನಾವು. ಕಡಲಿನ ಲೆಕ್ಕ ಬೇರೆ. ಅಲ್ಲಿನ ಇಂದಿನ ಯಂತ್ರಗಳು ಒಂದೊಂದೂ ಹತ್ತು, ಹದಿನೈದು ಮೆಗಾವಾಟ್‌ನವು, ಅವುಗಳ ರೆಕ್ಕೆಯೊಂದೇ ನೂರು ಮೀಟರ್ ಮೀರುತ್ತದೆ. ಅದನ್ನೆತ್ತಿ ಜೋಡಿಸಲು ಸಮುದ್ರದ ತಳಕ್ಕೆ ಕಾಲೂರಿ ನಿಲ್ಲುವ ವಿಶೇಷ ಹಡಗು ಬೇಕು. ಅದು ಹೊರದೇಶದಿಂದ ಬಾಡಿಗೆಗೆ ಬರಬೇಕು, ಬಂದರೂ ಮುಂಗಾರಿನ ತಿಂಗಳುಗಳಲ್ಲಿ ಕೈಕಟ್ಟಿ ಕೂರಬೇಕು. ಮೂರ್ನಾಲ್ಕು ಡಜನ್ ಯಂತ್ರಗಳಿಗಾಗಿ ಅಷ್ಟು ದೂರದಿಂದ ಯಾರು ಬರುತ್ತಾರೆ? ಸಾಲುಸಾಲು ಯೋಜನೆಗಳಿದ್ದರೆ ಬರುತ್ತಾರೆ. 40,000 ಮೆಗಾವಾಟ್ ಮೀರಿಸಿದ ಚೀನಾ ಮಾಡಿದ್ದು ಅದನ್ನೇ. ಮೊದಲು ಒಳ್ಳೆಯ ದರ ಕೊಟ್ಟು ವಿದ್ಯುತ್ ಕೊಂಡಿತು, ಹಡಗುಗಳು ತಾವಾಗಿ ಹುಟ್ಟಿಕೊಂಡವು. ನಾವು ಹಡಗು ಬರಲಿ, ಆಮೇಲೆ ನೋಡೋಣ ಎನ್ನುತ್ತೇವೆ. ಹಡಗಿನವರು ನೀವು ನೋಡಿ, ಆಮೇಲೆ ಬರುತ್ತೇವೆ ಎನ್ನುತ್ತಾರೆ. ಆ ನೀರಿನಲ್ಲೇ ದಿನವೂ ಬಲೆ ಬೀಸುವ ಮೀನುಗಾರರನ್ನು ಕೇಳುವ ಸರದಿ ಈ ಮಾತುಕತೆ ಮುಗಿದ ಮೇಲೆ ಬರಬಹುದು.

ಎರಡು ರಾಜ್ಯಗಳ ಕಡಲಲ್ಲಿ ತಲಾ ಎಂಟು ವಲಯಗಳನ್ನು ಗುರುತಿಸಿ, ಸುಮಾರು 70,000 ಮೆಗಾವಾಟ್ ಸಾಮರ್ಥ್ಯವಿದೆಯೆಂದು ಅಂದಾಜಿಸಿ ವರ್ಷಗಳೇ ಉರುಳಿವೆ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎಂಬ ಗಾದೆಗೆ ಇಷ್ಟು ದೊಡ್ಡ ಪ್ರಾತ್ಯಕ್ಷಿಕೆ ಹಿಂದೆಂದೂ ನಡೆದಿರಲಿಕ್ಕಿಲ್ಲ.

ಹಾಗೆಂದು ಎದೆಗುಂದಬೇಕಿಲ್ಲ. 2032ರ ಡಿಸೆಂಬರ್ 31ರೊಳಗೆ ಶುರುವಾಗುವ ಕಡಲ ಪವನ ಯೋಜನೆಗಳಿಗೆ ಅಂತರರಾಜ್ಯ ವಿದ್ಯುತ್ ಸಾಗಣೆ ಶುಲ್ಕದಿಂದ ವಿನಾಯಿತಿ ಇದೆ. ಇವತ್ತೇ ಹೊಸ ಟೆಂಡರ್ ಕರೆದು, ಯಾರೋ ಧೈರ್ಯವಂತರು ಗೆದ್ದು, ಸಮೀಕ್ಷೆ, ಸಾಲ, ಒಪ್ಪಿಗೆ, ಯಂತ್ರ, ಹಡಗು ಎಂದು ಓಡಾಡಿದರೂ ಆ ದಿನಾಂಕ ಎದುರಿಗೇ ಬಂದು ನಿಂತಿರುತ್ತದೆ. ಚಿಂತೆ ಬೇಡ. ವಿನಾಯಿತಿಯನ್ನು ವಿಸ್ತರಿಸುವ ಆದೇಶ ಗಡುವಿಗೆ ಮೊದಲೇ ಬರುತ್ತದೆಂದು ನಾನು ಪಂದ್ಯ ಕಟ್ಟಲು ಸಿದ್ಧ. ಎದುರು ಪಂದ್ಯಕ್ಕೆ ಯಾರಾದರೂ ಸಿಗುತ್ತಾರೆಯೇ ಎಂಬುದೇ ಅನುಮಾನ.