ಡೇರೆಗೊಂದು ಡೇರೆ

ಮೇ ತಿಂಗಳ ಕೊನೆಗೆ ಒಂದೆರಡು ಮಳೆ ಬಿದ್ದವೆಂದರೆ ಶಿರಸಿ ಕಡೆಯ ಗಂಡಸರು ಸೌದೆ ಒಳಸೇರಿಸುವ, ತೋಟದ ಕಾಲುವೆ ಬಿಡಿಸುವ ಗಡಿಬಿಡಿಗೆ ಬೀಳುತ್ತಾರೆ; ಹೆಂಗಸರು ಮಾತ್ರ ಅಂಗಳದ ಅಂಚಿಗೆ ಹೋಗಿ ನೆಲವನ್ನು ಬಗ್ಗಿ ನೋಡುತ್ತ ನಿಲ್ಲುತ್ತಾರೆ. ಹೋದ ವರ್ಷ ಮಣ್ಣಿನಲ್ಲಿಯೇ ಬಿಟ್ಟ ಡೇರೆ ಗಡ್ಡೆ ಮೊಳೆತಿದೆಯೇ ಎಂಬ ವಿಚಾರಣೆ ಅದು. ಪುಸ್ತಕದಲ್ಲಿ ಡೇಲಿಯಾ ಎನಿಸಿಕೊಳ್ಳುವ ಹೂವು ನಮ್ಮಲ್ಲಿ ಡೇರೆ. ಬಸಳೆ ಚಪ್ಪರ, ಮೊಗೆಕಾಯಿ ಬಳ್ಳಿ, ಬೆಂಡೆ, ಹರಿವೆಗಳ ಕೆಲಸವೂ ಇದೇ ಹೊತ್ತಿನಲ್ಲಿ ಇರುತ್ತದೆ, ನಿಜ. ಆದರೆ ಅವು ಅಡುಗೆಮನೆಯ ಲೆಕ್ಕಕ್ಕೆ ಸೇರಿದವು. ಡೇರೆ ಯಾವ ಲೆಕ್ಕಕ್ಕೂ ಸೇರದ್ದು, ಆದ್ದರಿಂದಲೇ ಅದಕ್ಕೆ ಆರೈಕೆ ಹೆಚ್ಚು.

ಈ ಗಿಡದ ತವರು ಮೆಕ್ಸಿಕೋದ ಎತ್ತರದ ಗುಡ್ಡಗಾಡು. ಅದಕ್ಕೆ ತಂಪು ಹವೆ ಬೇಕು, ಬಿಸಿಲು ಬೇಕು, ಬುಡದಲ್ಲಿ ನೀರು ಮಾತ್ರ ನಿಲ್ಲಬಾರದು. ವರ್ಷಕ್ಕೆ 2,500 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ, ಅದರ ಬಹುಪಾಲನ್ನು ನಾಲ್ಕೇ ತಿಂಗಳಲ್ಲಿ ಸುರಿದು ಮುಗಿಸುವ ಸೀಮೆಗೆ ಇಂಥ ಸೊಸೆಯನ್ನು ತಂದ ಪುಣ್ಯಾತ್ಮರು ಯಾರೋ! ಬೇಸಿಗೆಯ ಸೆಕೆ ಅದಕ್ಕೆ ಆಗದು, ಮಳೆಗಾಲದ ತಂಪು ಆಗುತ್ತದೆ. ಆದರೆ ಆ ತಂಪನ್ನು ಹೊತ್ತು ತರುವ ಮಳೆಯೇ ಗಡ್ಡೆಯನ್ನು ಕೊಳೆಸುತ್ತದೆ. ಬೇರೆ ಊರಿನವರಿಗೆ ಹೂದೋಟವೆಂದರೆ ಗಿಡಕ್ಕೆ ನೀರು ಹಾಕುವ ಕೆಲಸವಿರಬಹುದು, ನಮಗೆ ಅದು ನೀರು ತಪ್ಪಿಸುವ ಕೆಲಸ.

ರೋಹಿಣಿ ಮಳೆಯಲ್ಲಿ ಏರಿ ಹಾಕಬೇಕು. ಸುಡುಮಣ್ಣು, ಹಳೆಯ ಕೊಟ್ಟಿಗೆ ಗೊಬ್ಬರ, ಕೊಳೆತ ದರಕು (ಉದುರಿದ ಎಲೆ) ಬೆರೆಸಿ, ನೀರು ಜಾರಿಹೋಗುವಂತೆ ದಿಬ್ಬ ಮಾಡಿ, ಗೂಟವನ್ನು ಮೊದಲೇ ಊರಿ, ಅದರ ಪಕ್ಕದಲ್ಲಿ ಗಡ್ಡೆ ಹೂಳಬೇಕು. ಗಿಡ ಎದ್ದ ಮೇಲೆ ಗೂಟ ಊರಲು ಹೋದರೆ ಅದು ನೇರವಾಗಿ ಗಡ್ಡೆಯ ಹೊಟ್ಟೆಗೇ ಇಳಿಯುತ್ತದೆ. ಮದುವೆಯಾಗಿ ಬಂದ ಮೊದಲ ವರ್ಷ ನಾನು ಜಾಣತನ ತೋರಿಸಿ, ಗೊಂಚಲಿನಿಂದ ದಪ್ಪ ಗಡ್ಡೆಗಳನ್ನೇ ಮುರಿದು ಆರಿಸಿಕೊಂಡು ನೆಟ್ಟು, ಸಪೂರದವನ್ನು ಅತ್ತೆಯವರಿಗೆ ಬಿಟ್ಟಿದ್ದೆ. ಅವರ ಸಾಲು ಮೊಣಕಾಲೆತ್ತರ ಬಂದರೂ ನನ್ನ ಸಾಲಿನಲ್ಲಿ ಕಳೆಯ ಹೊರತು ಏನೂ ಏಳಲಿಲ್ಲ. ಅಗೆದು ನೋಡಿದರೆ ಗಡ್ಡೆಗಳು ಕೊಳೆಯದೆ, ಮೊಳೆಯದೆ, ಇಟ್ಟ ಹಾಗೆಯೇ ತಣ್ಣಗೆ ಮಲಗಿದ್ದವು. ಡೇರೆ ಗಡ್ಡೆಗೆ ಆಲೂಗಡ್ಡೆಯಂತೆ ಮೈತುಂಬ ಕಣ್ಣಿರುವುದಿಲ್ಲ. ಹಳೆಯ ದಂಟನ್ನು ಕೂಡುವ ಕುತ್ತಿಗೆಯಲ್ಲಿ ಮಾತ್ರ ಇರುತ್ತದೆ, ಆ ಕುತ್ತಿಗೆ ಮುರಿಯಿತೆಂದರೆ ಗಡ್ಡೆ ಎಷ್ಟು ದಪ್ಪವಿದ್ದರೂ ಕುರುಡು. ಅತ್ತೆಯವರಿಗೆ ಇದು ನಾನು ನೆಡುವಾಗಲೇ ಗೊತ್ತಿತ್ತು. ಮೊದಲೇ ಹೇಳಬಾರದಿತ್ತೇ ಎಂದು ಕೇಳಿದ್ದಕ್ಕೆ, "ಹೇಳಿದ್ರೆ ನೀ ಕೇಳ್ತಿದ್ಯನೇ ತಂಗಿ?" ಎಂದರು.

ಮೃಗಶಿರಾ ಕಳೆಯುವ ಹೊತ್ತಿಗೆ, ಟಿಸಿಲೊಡೆಯಲೆಂದು ಕುಡಿ ಚಿವುಟಬೇಕು. ಇಲ್ಲಿಯವರೆಗಿನದು ಸುಲಭ. ಮುಂದೆ ಬರುವುದು ಆರದೇ ಹೊಡೆಯುವ ಆರಿದ್ರಾ. ಆಗ ನಾಲ್ಕು ಬಿದಿರು ಕೋಲು ಹುಗಿದು, ಮೇಲೆ ಅಡಕೆ ಸೋಗೆಯನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಕಟ್ಟಿ, ಅಕ್ಷರಶಃ ಡೇರೆಗೆ ಡೇರೆ ಹಾಕುತ್ತೇವೆ. ಬೆಳಕು ಬರಬೇಕು, ಮಳೆ ಬರಬಾರದು, ಗಾಳಿ ಆಡಬೇಕು, ಆದರೆ ಹಾಳೆಯನ್ನು ಪಕ್ಕದ ಮನೆಯ ಕೊಟ್ಟಿಗೆಗೆ ಹಾರಿಸಬಾರದು. ಗಿಡದ ದಂಟು ಪೊಳ್ಳು. ಎಲ್ಲಿಯಾದರೂ ಮುರಿದು ಬಾಯಿ ತೆರೆದರೆ ಮಳೆನೀರು ಕೊಳವೆಯಲ್ಲಿ ಇಳಿದಂತೆ ಇಳಿದು ಒಳಗಿನಿಂದಲೇ ಕೊಳೆಸುತ್ತದೆ. ಅಡಕೆ ಕೊನೆಗಳಿಗೆ ಕೊಳೆರೋಗ ಬಾರದಿರಲೆಂದು, 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಕಲಸಿದ ಮದ್ದನ್ನು ತೋಟಕ್ಕೆ ಹೊಡೆಸುವ ದಿನ, ಬ್ಯಾರಲ್ಲಿನ ತಳದಲ್ಲಿ ಉಳಿದ ಎರಡು ತಂಬಿಗೆಯನ್ನು ಡೇರೆಗೆಂದು ಎತ್ತಿಡುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಗುಟ್ಟು. ರಾತ್ರಿ ಊಟವಾದ ಮೇಲೆ ಬ್ಯಾಟರಿ ಹಿಡಿದು ಬಸವನಹುಳು ಹೆಕ್ಕುವುದು ಮಕ್ಕಳ ಪಾಲು. ಹೋಮ್‌ವರ್ಕಿಗಿಂತ ಅದು ಅವರಿಗೆ ಇಷ್ಟ.

ಇಷ್ಟೆಲ್ಲ ಆದ ಮೇಲೆ, ಮಘೆ ಹುಬ್ಬೆಗಳ ನಡುವೆ, ಚೌತಿಗೆ ಸರಿಯಾಗಿ ಅಂಗೈಯಗಲದ ಹೂವು ಬಿಡುತ್ತದೆ. ನಾವು ಎಸಳೆಂದು ಎಣಿಸುವ ಒಂದೊಂದೂ ಸಸ್ಯಶಾಸ್ತ್ರದ ಪ್ರಕಾರ ಒಂದೊಂದು ಪುಟ್ಟ ಹೂವಂತೆ. ಹಾಗಾದರೆ ಗಣಪತಿಗೆ ಒಂದೇ ಡೇರೆ ಏರಿಸಿದರೂ ಪುಷ್ಪಾರ್ಚನೆ ಆದಂತೆಯೇ.

ಹೆಸರಿನ ವಿಷಯದಲ್ಲಿ ನನಗೊಂದು ತಕರಾರಿದೆ. 1791ರಲ್ಲಿ ಮ್ಯಾಡ್ರಿಡ್‌ನ ಸಸ್ಯವಿಜ್ಞಾನಿ ಕವನಿಲ್ಲೆಸ್ ಈ ಗಿಡಕ್ಕೆ ಸ್ವೀಡನ್ನಿನ ಆಂಡರ್ಸ್ ಡಾಲ್ ಎಂಬ ಸಸ್ಯವಿಜ್ಞಾನಿಯ ಹೆಸರಿಟ್ಟ. ಡಾಲ್ ಅದಕ್ಕೆ ಎರಡು ವರ್ಷ ಮೊದಲೇ ತೀರಿಕೊಂಡಿದ್ದ. ನಮ್ಮ ಪದ್ಧತಿ ಇದಕ್ಕಿಂತ ವಾಸಿ, ನಾವು ಕೊಟ್ಟವರ ಹೆಸರಿಡುತ್ತೇವೆ. ಬೀಜದಿಂದ ಎದ್ದ ಡೇರೆ ತಾಯಿಯ ಬಣ್ಣವನ್ನೇ ತರುತ್ತದೆಂಬ ಖಾತ್ರಿಯಿಲ್ಲ. ಬಣ್ಣ ಬೇಕೆಂದರೆ ಗಡ್ಡೆಯನ್ನೋ ಕುಡಿಯನ್ನೋ ಕೇಳಿಯೇ ತರಬೇಕು. ಆದ್ದರಿಂದ ನನ್ನ ಅಂಗಳದಲ್ಲಿ 'ದೊಡ್ಡಮ್ಮನ ಮನೆ ಕೆಂಪು', 'ಟೀಚರ್ ಬಿಳಿ', 'ಜಾತ್ರೆ ನೇರಳೆ' ಇವೆ. ಕೊನೆಯದು ಮಾರಿಕಾಂಬಾ ಜಾತ್ರೆಯ ಗದ್ದಲದಲ್ಲಿ ಸಿಕ್ಕ ಅಪರಿಚಿತೆಯೊಬ್ಬರು ವಿಳಾಸ ಕೊಟ್ಟು, ಮಳೆ ಹಿಡಿದ ಮೇಲೆ ಮರೆಯದೆ ಕೊಟ್ಟದ್ದು.

ನನಗೆ ಎಲ್ಲಕ್ಕಿಂತ ಪ್ರಿಯವಾಗಿದ್ದದ್ದು 'ಯಲ್ಲಾಪುರದ ಅತ್ತಿಗೆ', ಅಂದರೆ ತಿಳಿಹಳದಿಯ ಮೈ, ಕುಂಕುಮದ ಅಂಚು. ದೀಪಾವಳಿಯ ಹೊತ್ತಿಗೆ ದಂಟು ಒಣಗಿದಾಗ ಕತ್ತರಿಸಿ, ಗಡ್ಡೆಯನ್ನು ಮಣ್ಣಿನಲ್ಲಿಯೇ ಬಿಟ್ಟಿದ್ದೆ. ಮುಳ್ಳುಹಂದಿ ಬಂದು ಒಂದೂ ಉಳಿಸದೆ ತಿಂದು ಹೋಯಿತು. ಹಿಂದೊಮ್ಮೆ ಸಿದ್ದಾಪುರದ ಗೆಳತಿಗೆ ಅದರ ಕುಡಿ ಕೊಟ್ಟದ್ದು ನೆನಪಾಗಿ ಹೋದರೆ, ಆಕೆ, "ಶಿರಸಿ ಅಕ್ಕ ಬೇಕಾ? ಬೇಕಾದಷ್ಟು ಇದೆ" ಎಂದಳು. ಒಂದು ಕ್ಷಣ ತಬ್ಬಿಬ್ಬಾದೆ, ಶಿರಸಿ ಅಕ್ಕ ನಾನೇ. ಕೊಟ್ಟೆಯಲ್ಲಿ ನನ್ನನ್ನೇ ಕಟ್ಟಿಸಿಕೊಂಡು ಬಸ್ಸಿನಲ್ಲಿ ಬಂದೆ. ಆದರೆ ನೆಟ್ಟ ಮೇಲೆ ಏನೆಂದು ಕರೆಯುವುದು? ಅತ್ತಿಗೆಯೆಂದರೆ ಈ ಸಲ ಕೊಟ್ಟವಳಿಗೆ ಅನ್ಯಾಯ, ಸಿದ್ದಾಪುರವೆಂದರೆ ಅತ್ತಿಗೆಗೆ ಅನ್ಯಾಯ.

ಈ ಚೌತಿಗೆ ಅತ್ತಿಗೆಯೇ ಬಂದಿದ್ದರು. ಕಾಲು ತೊಳೆಯುವ ಮೊದಲೇ ಆ ಗಿಡದ ಮುಂದೆ ನಿಂತು, ಹೂವನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, "ಎಷ್ಟು ಚಂದ ಇದ್ದೇ, ಎಲ್ಲಿಂದ ತಂದ್ಯೇ? ಯಂಗೂ ಒಂದು ಗಡ್ಡೆ ಇಡು" ಎಂದರು.