ಹಾಕುವಾಗ ಗೊತ್ತಿರಲಿಲ್ವಾ ಇದು ಮೆಣಸಿನಕಾಯಿ ಗಾಡಿ ಅಂತ?

"ಮೆಣಸಿನಕಾಯಿ ಹೇರೂ ಗಾಡಿಗೆ ಇದನ್ನ ಯಾರ್ ಹಾಕಸ್ತಾರ್ರೀ ಸರ?" ಅಂದ ಅಂಗಡಿಯವನು. ಅಂದು ನಕ್ಕ. ಅವನು ನಕ್ಕಿದ್ದು ನೋಡಿ ಸ್ಟೂಲಿನ ಮೇಲೆ ಕೂತು ಚಹಾ ಕುಡೀತಿದ್ದ ಇಬ್ಬರೂ ನಕ್ಕರು.

ಇದು ಅಂದರೆ ಕೋಲ್ಡ್ ಏರ್ ಇಂಟೇಕ್. ಕಂಪನಿಯ ಏರ್ ಫಿಲ್ಟರ್ ಡಬ್ಬಿ ತೆಗೆದು, ಎಂಜಿನ್ನಿಗೆ ತಣ್ಣನೆ ಗಾಳಿ ಹೋಗಿ ಪವರ್ ಜಾಸ್ತಿ ಆಗುತ್ತೆ ಅಂತ ಹಾಕೋ ಕೋನ್ ಆಕಾರದ ಫಿಲ್ಟರ್. ನನ್ನ ಪಿಕಪ್ಪಿಗೆ ಅದನ್ನ ಹಾಕಿದವನು ಯಾರು? ಅವನೇ! ಅದೇ ಅಂಗಡಿ, ಅದೇ ಕೈ. ಅವತ್ತು ಗಾಡಿಯ ಹಿಂದೆ ತಾಡಪಾಲು ಇತ್ತು, ಹಗ್ಗ ಇತ್ತು, ಚೀಲದಿಂದ ಉದುರಿದ ಬೀಜ ಇತ್ತು. ಬಾನೆಟ್ ಎತ್ತೋಕೆ ಬಂದವನಿಗೆ ಘಾಟಿಗೆ ಸೀನು ಬಂತು. "ಬ್ಯಾಡಗಿಗೆ ಹೊಡಿತೀರೇನ್ರಿ?" ಅಂತ ಅವನೇ ಕೇಳಿದ್ದ. ಹೌದು ಅಂದಿದ್ದೆ. "ಹಂಗಾದ್ರ ನಿಮಗ ಇದು ಬೇಕೇ ಬೇಕ್ರಿ, ಲೋಡ್ ಇದ್ದಾಗ ಪುಲ್ಲಿಂಗ್ ನೋಡ್ರಿ" ಅಂದಿದ್ದ. 14,000 ಎಣಿಸಿಕೊಂಡ. ಈಗ ಇದನ್ನ ಯಾರು ಹಾಕಿಸ್ತಾರೆ ಅಂತ ನನ್ನನ್ನೇ ಕೇಳ್ತಾನೆ.

ನಾನು ಹೋಗಿದ್ದು ಜಗಳಕ್ಕಲ್ಲ. ದುಡ್ಡು ವಾಪಸ್ ಕೊಡು ಅಂತ ಬಾಯಿ ಕೂಡ ಬಿಟ್ಟಿರಲಿಲ್ಲ. ಏರ್‌ಬಾಕ್ಸ್, ಅಂದರೆ ಆ ಹಳೇ ಫಿಲ್ಟರ್ ಡಬ್ಬಿ ಕೇಳೋಕೆ ಹೋಗಿದ್ದೆ, ಅಷ್ಟೇ. ಗಾಡಿ ದಾರಿಯಲ್ಲಿ ಕೈಕೊಟ್ಟ ಮೇಲೆ ಸರ್ವಿಸ್ ಸೆಂಟರಿನವರು "ಮೊದಲು ಒರಿಜಿನಲ್ ಏರ್‌ಬಾಕ್ಸ್ ಕೂರಿಸಿಕೊಂಡು ಬನ್ನಿ, ಆಮೇಲೆ ವಾರಂಟಿ ಮಾತು" ಅಂದಿದ್ದರು. ನ್ಯಾಯ ಅಂತ ನನಗೂ ಅನ್ನಿಸಿತ್ತು. ಈಗ ಅನ್ನಿಸ್ತಿಲ್ಲ. ಈಗ ಯಾವುದೂ ನ್ಯಾಯ ಅನ್ನಿಸ್ತಿಲ್ಲ.

ಅವನು ಮೊಬೈಲಿಂದ ತಲೇನೇ ಎತ್ತಲಿಲ್ಲ. "ಯಾವ ಡಬ್ಬಿ ರೀ?"

"ಕರೀದು. ಫಿಲ್ಟರ್ ಡಬ್ಬಿ. ನೀವೇ ಬಿಚ್ಚಿ, ಸೇಫ್ ಆಗಿ ಇಡ್ತೀನಿ ಅಂದಿದ್ರಿ."

"ಕಬಾಡಿಗೆ ಹೋಗಿರಬೇಕ್ರೀ ಅದು."

ಆಗ ಅಲ್ಲಿ ಕೆಲಸ ಮಾಡೋ ಹುಡುಗ, ಪಾಪ, ಸುಮ್ನೆ ಇರಬಾರದಾ? "ಅಣ್ಣಾ, ಮುಚ್ಚಳ ಐತಲ್ಲ, ನಟ್ ಬೋಲ್ಟ್ ಹಾಕಿಟ್ಟೀವಿ" ಅಂದ. ಬಗ್ಗಿ ನೋಡಿದೆ. ಬೆಂಚಿನ ಕೆಳಗೆ ನನ್ನ ಏರ್‌ಬಾಕ್ಸಿನ ಮುಚ್ಚಳ ಅಂಗಾತ ಬಿದ್ದಿತ್ತು. ತುಂಬ ಹಳೇ ನಟ್ಟು, ವಾಷರು, ಮುರಿದ ಹೋಸ್ ಕ್ಲಿಪ್ಪು, ಒಂದು ಬೀಡಿ ತುಂಡು. ಒಂದು ಮೂಲೆ ಸೀಳಿತ್ತು. ನಾನು ಮಂಡಿಯೂರಿ ಕೂತು ಆ ನಟ್ಟುಗಳನ್ನ ಒಂದೊಂದಾಗಿ ನೆಲದ ಮೇಲೆ ಹಾಕ್ತಾ ಇದ್ದೆ. ಎಲ್ಲ ಒಮ್ಮೆಲೇ ಸುರಿದಿದ್ದರೂ ಆಗ್ತಿತ್ತು. ಯಾಕೋ ಒಂದೊಂದಾಗಿ ತೆಗೆದೆ. ಆ ಹೊತ್ತಿಗೇ ಅವನು ಆ ಮಾತು ಅಂದಿದ್ದು. ನಾನು ನೆಲದ ಮೇಲೆ, ಅವನು ಕುರ್ಚಿ ಮೇಲೆ, ಅವರಿಬ್ಬರು ಸ್ಟೂಲಿನ ಮೇಲೆ.

ನಾನೇನಂದೆ ಗೊತ್ತಾ? "ಹಂಗಲ್ರೀ..." ಅಂದೆ. ಅಷ್ಟೇ. ಮುಂದೆ ಮಾತೇ ಹೊರಡಲಿಲ್ಲ. ಮುಚ್ಚಳ ಕಂಕುಳಲ್ಲಿ ಇಟ್ಟುಕೊಂಡು ಎದ್ದು ಬಂದೆ. "ಸೀಳಿದ್ದಕ್ಕ ಫೆವಿಕ್ವಿಕ್ ಹಾಕ್ರಿ ಸರ, ನಿಲ್ತೈತಿ" ಅಂತ ಹಿಂದಿನಿಂದ ಕೂಗಿದ.

ಹೊಸೂರು ಸರ್ಕಲ್ ಸಿಗ್ನಲ್ಲಿಗೆ ಬಂದ ಮೇಲೆ ನೋಡಿ, ಎಲ್ಲ ಉತ್ತರ ಒಂದರ ಹಿಂದೆ ಒಂದು ಬಂದವು. ಎಂಥೆಂಥ ಮಾತು! ಜೋರಾಗೇ ಹೇಳಿಬಿಟ್ಟೆ ಅನ್ನಿಸುತ್ತೆ. ಪಕ್ಕದ ಆಟೋದವನು ನನ್ನ ಕಡೆ ನೋಡಿ, ಆಮೇಲೆ ನನ್ನ ಪಕ್ಕದ ಖಾಲಿ ಸೀಟಿನ ಕಡೆ ನೋಡಿದ.

ಹೋಗಲಿ ಬಿಡಿ ಅಂತೀರಾ? ಬಿಡ್ತಿದ್ದೆ. ಆದರೆ ಅವನು ಹೇಳಿದ್ದು ಪೂರ್ತಿ ಸುಳ್ಳಾಗಿದ್ದರೆ ಬಿಡ್ತಿದ್ದೆ. ಅರ್ಧ ನಿಜ ಹೇಳಿ ಮಾರಿದ. ತಣ್ಣನೆ ಗಾಳಿ ದಟ್ಟವಾಗಿರುತ್ತೆ, ನಿಜ. 30 ಡಿಗ್ರಿ ಇದ್ದ ಗಾಳಿ 60 ಡಿಗ್ರಿಗೆ ಏರಿದರೆ ಅಷ್ಟೇ ಜಾಗದಲ್ಲಿ ಸುಮಾರು ಶೇ 9ರಷ್ಟು ಕಡಿಮೆ ಗಾಳಿ ಹಿಡಿಸುತ್ತೆ. ಅದೂ ನಿಜ. ಹಾಗಿದ್ರೆ ಎಂಜಿನ್ನಿಗೆ ತಣ್ಣನೆ ಗಾಳಿ ಕೊಡಬೇಕು, ಅಲ್ವಾ? ಕೊಟ್ಟಿದ್ದು ಏನು?

ಕಂಪನಿಯವರು ಕೂರಿಸಿದ ಡಬ್ಬಿ ಹೆಡ್‌ಲೈಟ್ ಹಿಂದಿನಿಂದ, ಹೊರಗಿನ ಗಾಳಿ ಎಳೀತಿತ್ತು. ಡಬ್ಬಿಯ ಸುತ್ತ ಮುಚ್ಚಿತ್ತು, ಎಂಜಿನ್ ಬಿಸಿ ತಾಕ್ತಿರಲಿಲ್ಲ. ಅಂದರೆ ಕೋಲ್ಡ್ ಏರ್ ಇಂಟೇಕ್ ಮೊದಲೇ ಇತ್ತು! ಶೋರೂಮಿಂದ ಬರುವಾಗಲೇ ಇತ್ತು! ಇವನು ಅದನ್ನ ಕಿತ್ತು ಎಂಜಿನ್ ಪಕ್ಕದಲ್ಲಿ ಬಟಾಬಯಲಾಗಿ ಒಂದು ಕೆಂಪು ಕೋನ್ ನೇತುಹಾಕಿದ. ಹೀಟ್ ಶೀಲ್ಡ್ ಬೇಕಂದ್ರೆ ಅದಕ್ಕೆ ಬೇರೆ ದುಡ್ಡಂತೆ.

ನಮ್ಮ ಪಕ್ಕದ ಮನೆ ಹುಡುಗ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದ್ತಾನೆ. ಸ್ಟೀರಿಂಗ್ ಕೆಳಗೆ ಚಿಕ್ಕ ಸ್ಕ್ಯಾನರ್ ಚುಚ್ಚಿ ಮೊಬೈಲಲ್ಲಿ ತೋರಿಸಿದ. ಹೊರಗೆ 36 ಡಿಗ್ರಿ. ಚೆನ್ನಮ್ಮ ಸರ್ಕಲ್ ಟ್ರಾಫಿಕ್ಕಲ್ಲಿ ನಿಂತಾಗ ಕೋನ್ ಒಳಗೆ ಹೋಗ್ತಿದ್ದ ಗಾಳಿ 58. ನಾನು ಮೊಬೈಲ್ ನೋಡ್ತಾನೇ ಇದ್ದೆ, 59 ಆಯ್ತು. ದುಡ್ಡು ಕೊಟ್ಟು ಬಿಸಿಗಾಳಿ ಹಾಕಿಸಿಕೊಂಡವನು ಈ ಧಾರವಾಡ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಬೈಪಾಸ್ ಹತ್ತಿದ ಮೇಲೆ ಇಳಿಯಿತು, ಸುಳ್ಳು ಯಾಕೆ ಹೇಳಲಿ. ಇಳಿದು ಎಲ್ಲಿಗೆ ಬಂತು? ಹಳೇ ಡಬ್ಬಿ ಇದ್ದಿದ್ದರೆ ಎಷ್ಟಿರ್ತಿತ್ತೋ ಅಲ್ಲಿಗೆ.

ಆ ಹುಡುಗ ಇನ್ನೊಂದು ಹೇಳಿದ, ಅದು ಕೇಳಿದ ಮೇಲೆ ನಿದ್ದೆ ಬರ್ತಿಲ್ಲ. "ಅಂಕಲ್, ಇದು ಟರ್ಬೊ ಡೀಸೆಲ್. ಲೋಡ್ ಇದ್ದಾಗ ಟರ್ಬೊ ಗಾಳಿ ಒತ್ತಿದ ಕೂಡಲೇ ಅದು 100 ಡಿಗ್ರಿ ದಾಟುತ್ತೆ. ಅದನ್ನ ಮತ್ತೆ ತಣ್ಣಗೆ ಮಾಡೋಕೆ ಅಂತಾನೇ ಇಂಟರ್‌ಕೂಲರ್ ಇರೋದು. ಅದಕ್ಕೂ ಮೊದಲು ನೀವು ಐದು ಡಿಗ್ರಿ ಕಮ್ಮಿ ಮಾಡಿದರೂ ಜಾಸ್ತಿ ಮಾಡಿದರೂ ದೊಡ್ಡ ವ್ಯತ್ಯಾಸ ಏನೂ ಇಲ್ಲ." ಡೀಸೆಲ್ ಎಂಜಿನ್ನಿಗೆ ಸಾಮಾನ್ಯವಾಗಿ ಗಾಳಿ ಬೇಕಾದ್ದಕ್ಕಿಂತ ಜಾಸ್ತಿನೇ ಹೋಗುತ್ತಂತೆ. ಪವರ್ ಬರೋದು ಎಷ್ಟು ಡೀಸೆಲ್ ಸಿಂಪಡಿಸ್ತು ಅನ್ನೋದರ ಮೇಲೆ. ಅದನ್ನ ಲೆಕ್ಕ ಹಾಕೋದು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್. ಇಸಿಯುಗೆ ಕೆಂಪು ಕೋನ್ ಬಂದಿದೆ ಅಂತ ಯಾರು ಹೇಳಬೇಕು? ಟರ್ಬೊ ದೊಡ್ಡದು ಮಾಡಿ, ಟ್ಯೂನಿಂಗ್ ಮಾಡಿಸಿ, ಜಾಸ್ತಿ ಡೀಸೆಲ್ ಸುಟ್ಟರೆ ಆಗ ಜಾಸ್ತಿ ಗಾಳಿ ಬೇಕು, ಆಗ ಇದಕ್ಕೊಂದು ಅರ್ಥ ಇದೆ. ನನ್ನ ಗಾಡಿಯಲ್ಲಿ ಬದಲಾಗಿದ್ದು ಆ ಕೋನ್ ಒಂದೇ.

ಅಂಗಡಿಯವನು ತೋರಿಸಿದ ವಿಡಿಯೊಗಳೆಲ್ಲ ಅಮೆರಿಕದ್ದು. ಫೋರ್ಡ್ ಎಫ್-150, ಐದು ಲೀಟರಿನ ವಿ8 ಪೆಟ್ರೋಲ್, ಪವರ್ ಅಳೆಯೋ ರೋಲರ್ ಮೇಲೆ ನಿಲ್ಲಿಸಿ ಆಕ್ಸಲರೇಟರ್ ನೆಲಕ್ಕೆ ಒತ್ತಿದ್ದಾರೆ. ಅಲ್ಲಿ ಮೇಲಿನ ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ತುಂಬ ಜೋರಾಗಿ ತಿರುಗುವಾಗ, ನಾಲ್ಕು ಕುದುರೆ (ಎಚ್‌ಪಿ) ಜಾಸ್ತಿ ಬಂದರೂ ಬರಬಹುದು. ನಾನು ಮೂರನೇ ಗೇರಲ್ಲಿ ಚೀಲ ಹೇರಿಕೊಂಡು ಹೋಗೋನು. ನನ್ನ ಎಂಜಿನ್ ಆ ಆರ್‌ಪಿಎಂ ಕಂಡೇ ಇಲ್ಲ. "ಹತ್ತ ಹದಿನೈದು ಎಚ್‌ಪಿ ಗ್ಯಾರಂಟಿ" ಅಂದಿದ್ದನಲ್ಲ, ಯಾವ ಮಷಿನ್ ಮೇಲೆ ಅಳೆದ? ಅಂಗಡಿಯಲ್ಲಿ ರೋಲರ್ ಇದೆಯಾ? ನಿಂತ ಗಾಡಿಯನ್ನ ರೇಸ್ ಮಾಡಿ, "ಕೇಳ್ರಿ, ಕೇಳ್ರಿ!" ಅಂದಿದ್ದ. ಎಲ್ಲರೂ ತಲೆ ಆಡಿಸಿದ್ದರು. ಕಿವಿಯಲ್ಲಿ ಎಚ್‌ಪಿ ಅಳೆಯೋ ವಿದ್ಯೆ ಇವರು ಎಲ್ಲಿ ಕಲಿತರೋ.

ಸದ್ದು ಮಾತ್ರ... ಸದ್ದು ಚೆನ್ನಾಗಿತ್ತು. ಅದನ್ನ ಇಲ್ಲ ಅನ್ನಲ್ಲ. ಗೇರ್ ಬದಲಿಸುವಾಗ ಟರ್ಬೊ ಉಸಿರು ಬಿಡೋದು ಕ್ಯಾಬಿನ್ ಒಳಗೇ ಕೇಳ್ತಿತ್ತು. ನವಲಗುಂದ ರೋಡಲ್ಲಿ ಬೆಳಗಿನ ಜಾವ ಖಾಲಿ ಗಾಡಿ ಓಡಿಸುವಾಗ ಕಿಟಕಿ ಇಳಿಸಿ ಕೇಳ್ತಿದ್ದೆ. ನಮ್ಮನೆಯವಳು ಒಂದು ದಿನ ಪಕ್ಕದಲ್ಲಿ ಕೂತು ಕೇಳಿ, "14,000ಕ್ಕೆ ಕುಕ್ಕರ್ ಸೀಟಿ ತಂದ್ರಿ, ಕುಕ್ಕರ್ ಎಲ್ರೀ?" ಅಂದಳು. ಅವತ್ತಿನಿಂದ ನಾನು ಗೇರ್ ಹಾಕಿದಾಗಲೆಲ್ಲ ಮಗಳು "ಅಮ್ಮಾ, ಅನ್ನ ಆತು" ಅಂತಾಳೆ.

ನಗಿ. ನೀವೂ ನಗಿ. ಸ್ಟೂಲ್ ಖಾಲಿ ಇದೆ.

ಆದರೆ ಧೂಳಿನ ಮಾತಿಗೆ ನಗಬೇಡಿ. ಅಣ್ಣಿಗೇರಿ, ನವಲಗುಂದ ಕಡೆ ಹೊಲದ ದಾರಿಯಲ್ಲಿ ಎರೆಮಣ್ಣಿನ ಧೂಳು ಹೇಗಿರುತ್ತೆ ಅಂತ ಅಲ್ಲಿ ಓಡಾಡಿದವರಿಗೆ ಗೊತ್ತು. ಮುಂದೆ ಒಂದು ಟ್ರ್ಯಾಕ್ಟರ್ ಇದ್ದರೆ ಮುಗೀತು. ಕಾಗದದ ಫಿಲ್ಟರ್ ಅದನ್ನ ತಡೀತಿತ್ತು. ಸ್ವಲ್ಪ ಧೂಳು ಕೂತಷ್ಟೂ ಅದು ಇನ್ನೂ ಚೆನ್ನಾಗಿ ಸೋಸುತ್ತಂತೆ, ಅದಕ್ಕೇ ದಿನಾ ಬಿಚ್ಚಿ ಗಾಳಿ ಹೊಡೀಬೇಡಿ ಅಂತಾರೆ. ಈ ಕೋನ್ ಹತ್ತಿ ಬಟ್ಟೆಯದ್ದು, ಎಣ್ಣೆ ಸವರಿದ್ದು. ಎಣ್ಣೆ ಕಮ್ಮಿಯಾದರೆ ಧೂಳು ಒಳಗೆ, ಜಾಸ್ತಿಯಾದರೆ ಎಣ್ಣೆ ಒಳಗೆ. "ಲೈಫ್‌ಟೈಮ್ ಫಿಲ್ಟರ್, ತೊಳದ್ರ ಸಾಕ್ರಿ" ಅಂದಿದ್ದ. ತೊಳೆದು ಒಣಗಿಸಿ ಮತ್ತೆ ಎಣ್ಣೆ ಹಾಕಬೇಕು, ಇಷ್ಟೇ ಹಾಕಬೇಕು ಅಂತ ಹೇಳಿದ್ನಾ?

ಬಂಕಾಪುರ ದಾಟಿದ ಮೇಲೆ ಎಂಜಿನ್ ಲೈಟ್ ಹತ್ತಿತು. ಹಿಂದೆ ಪೂರ್ತಿ ಲೋಡು. ಆಕ್ಸಲರೇಟರ್ ಒತ್ತಿದರೆ ಗಾಡಿ ಮೇಲೇಳಲಿಲ್ಲ. ಕಬ್ಬಿನ ಟ್ರ್ಯಾಕ್ಟರ್ ಒಂದು, ಎರಡು ಟ್ರೈಲರ್ ಕಟ್ಟಿಕೊಂಡು, ಹಾಡು ಹಾಕಿಕೊಂಡು, ನನ್ನ ಪಕ್ಕದಿಂದ ಮುಂದೆ ಹೋಯ್ತು. ಮೋಟೆಬೆನ್ನೂರು ತಿರುವಿಗೆ ಬರೋ ಹೊತ್ತಿಗೆ ತಡ ಆಗಿತ್ತು. ಬ್ಯಾಡಗಿಯಲ್ಲಿ ಅವತ್ತಿನ ಟೆಂಡರಿಗೆ ಮಾಲು ಹಚ್ಚೋಕೆ ಆಗಲಿಲ್ಲ. ಮಾಲು ನನ್ನದಲ್ಲ, ರೈತನದ್ದು. ಆತ ಏನೂ ಅನ್ನಲಿಲ್ಲ. ಬೈದಿದ್ದರೆ ಒಳ್ಳೇದಿತ್ತು.

ಸರ್ವಿಸ್ ಸೆಂಟರಿನಲ್ಲಿ ಪೈಪ್ ಬಿಚ್ಚಿದ ಮೆಕ್ಯಾನಿಕ್ ಮಾತಾಡದೆ ನನ್ನ ಕೈ ಹಿಡಿದು ಬೆರಳನ್ನ ಪೈಪ್ ಒಳಗೆ ತೂರಿಸಿದ. ಫಿಲ್ಟರ್ ದಾಟಿದ ಮೇಲಿನ ಪೈಪು, ಸ್ವಚ್ಛ ಇರಬೇಕಾದ ಜಾಗ. ಬೆರಳು ಹೊರಗೆ ತೆಗೆದರೆ ತುದಿಗೆ ಬೂದಿಬಣ್ಣದ ಜಿಡ್ಡು. ಉಜ್ಜಿ ನೋಡಿದೆ, ನುಣ್ಣಗಿರಲಿಲ್ಲ, ಕರಕರ ಅಂತು. ಮ್ಯಾಫ್ ಸೆನ್ಸರಿನ ಸಣ್ಣ ತಂತಿಗೂ ಅದೇ ಮೆತ್ತಿತ್ತು. ಗಾಳಿ ಎಷ್ಟು ಬಂತು ಅಂತ ಅಳೆಯೋದು ಆ ತಂತಿಯೇ. ಅದು ತಪ್ಪು ಲೆಕ್ಕ ಕೊಡ್ತು, ಇಸಿಯು ಹೆದರಿ ಪವರ್ ಕಟ್ ಮಾಡ್ತು. ಸ್ಪ್ರೇ ಹೊಡೆದು ತೊಳೆದರು, ಲೈಟ್ ಆರಿತು. ಆದರೆ ಆ ಕರಕರ ಟರ್ಬೊ ರೆಕ್ಕೆಗೆ, ಪಿಸ್ಟನ್ ರಿಂಗಿಗೆ ಎಷ್ಟು ತಾಕಿದೆಯೋ, ಅದನ್ನ ಯಾವ ಸ್ಕ್ಯಾನರೂ ತೋರಿಸಲ್ಲ.

ಇಷ್ಟೆಲ್ಲ ಆದಮೇಲೂ ಒಬ್ಬ ದೋಸ್ತ ಫೋನ್ ಮಾಡಿ, "ಒಳ್ಳೇ ಬ್ರ್ಯಾಂಡಿಂದು ಹಾಕಿಸಬೇಕಿತ್ತಲೇ" ಅಂತಾನೆ. ಇನ್ನೊಬ್ಬ, "ಮೈಲೇಜ್ ಜಾಸ್ತಿ ಆಗಿರಬೇಕಲ್ಲ?" ಅಂತಾನೆ. ಆಗಿಲ್ಲಪ್ಪ! ಟ್ಯಾಂಕಿಂದ ಟ್ಯಾಂಕಿಗೆ ಲೆಕ್ಕ ಬರೆದಿದ್ದೀನಿ, ಮೊದಲು ಎಷ್ಟಿತ್ತೋ ಅಷ್ಟೇ. ಡೀಸೆಲ್ ಪಿಕಪ್ಪಿಗೆ ಇದನ್ನ ಹಾಕಿಸಿ ಲೋಡಲ್ಲಿ ಲಾಭ ಕಂಡವರು ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯಲ್ಲಿ ಒಬ್ಬರಾದರೂ ಇದ್ದರೆ ಹೇಳಿ. ಸದ್ದಿನ ಲಾಭ ಅಲ್ಲ. ಅಳೆದ ಲಾಭ. ಒಬ್ಬರು ಹೇಳಿದರೂ ನಾನು ಸುಮ್ಮನಾಗ್ತೀನಿ. ಸುಮ್ಮನಾಗಲ್ಲ, ಆದರೂ ಹೇಳಿ.

ಅವನ ಮೇಲೆ ಕಂಪ್ಲೇಂಟ್ ಕೊಡು ಅಂತ ಎಲ್ಲರೂ ಹೇಳ್ತಾರೆ. ಬಿಲ್ ಎಲ್ಲಿದೆ? ಹಳದಿ ಚೀಟಿ ಮೇಲೆ "ಫಿಲ್ಟರ್ 1" ಅಂತ ಬರೆದು ಕೊಟ್ಟಿದ್ದಾನೆ. ಅದನ್ನ ಹಿಡಿದುಕೊಂಡು ಗ್ರಾಹಕರ ಕೋರ್ಟಿಗೆ ಹೋದರೆ ಅಲ್ಲೂ ಯಾರೋ ಸ್ಟೂಲ್ ಮೇಲೆ ಕೂತಿರ್ತಾರೆ. ಬೇಡ. ನನಗೆ ಗಾಡಿ ಓಡಬೇಕು, ಅಷ್ಟೇ.

ಹೊಸ ಏರ್‌ಬಾಕ್ಸ್ ತರಿಸಿದರೆ 8,000 ಮೇಲೆ, ಅದೂ ಯಾವಾಗ ಬರುತ್ತೋ ಹೇಳೋಕಾಗಲ್ಲ ಅಂದಿದ್ದಾರೆ. ಅದಕ್ಕೇ ಕೇಳ್ತಿದ್ದೀನಿ. ಬಿಎಸ್6 ಪಿಕಪ್, 2.5 ಲೀಟರ್ ಡೀಸೆಲ್, ಆಕ್ಸಿಡೆಂಟ್ ಆಗಿಯೋ ಹೇಗೋ ಬಿಚ್ಚಿದ್ದು ಯಾರ ಹತ್ತಿರವಾದರೂ ಇದ್ದರೆ ತಿಳಿಸಿ. ಡಬ್ಬಿಯ ಕೆಳಭಾಗ ಬೇಕು, ನಾಲ್ಕೂ ಕ್ಲಿಪ್ ಇರಬೇಕು, ಹೆಡ್‌ಲೈಟ್ ಹಿಂದಕ್ಕೆ ಹೋಗೋ ಪೈಪ್ ಬೇಕು. ಮುಚ್ಚಳ ನನ್ನ ಹತ್ತಿರ ಇದೆ, ಒಂದು ಮೂಲೆ ಸೀಳಿದೆ, ಆದರೂ ಮುಚ್ಚಳದ ಸಮೇತ ಕೊಡೋದಾದರೆ ಒಳ್ಳೇದು. ಗದಗ, ರಾಣೆಬೆನ್ನೂರು ಎಲ್ಲಿದ್ದರೂ ಬರ್ತೀನಿ. ಬದಲಿಗೆ ಕೆಂಪು ಕೋನ್ ಬೇಕಿದ್ದವರು ಒಯ್ಯಬಹುದು, ದುಡ್ಡು ಬೇಡ. ಎಷ್ಟು ಎಚ್‌ಪಿ ಜಾಸ್ತಿ ಆಗುತ್ತೆ ಅಂತ ಮಾತ್ರ ನನ್ನನ್ನ ಕೇಳಬೇಡಿ. ಗುರುವಾರ ಬ್ಯಾಡಗಿಗೆ ಲೋಡ್ ಇದೆ, ಬುಧವಾರದೊಳಗೆ ಸಿಕ್ಕರೆ ಉಪಕಾರ ಆಗುತ್ತೆ.