ಖಾಲಿ ನೋಟ್‌ಬುಕ್ ನೋಡಿ ಗಾಬರಿಯಾಗಬೇಡಿ

ಶಾಲೆ ಶುರುವಾಗಿ ಮೂರು ವಾರ ಆಯಿತು. ನಮ್ಮ ಮೂಡಿಗೆರೆ ಕಡೆ ಮಳೆ ಹಿಡಿದುಕೊಂಡಿದೆ. ಮಗಳು ಊರಿನ ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸ್. ದಿನಾ ಸಂಜೆ ಅತ್ತೆ ಅವಳ ಬ್ಯಾಗ್ ಬಿಚ್ಚಿ ನೋಡುತ್ತಾರೆ. "ಒಂದಕ್ಷರನೂ ಬರೆಸಿಲ್ವಲ್ಲೇ, ಬರೀ ಆಟ ಆಡಿಸಿ ಕಳಿಸ್ತಾರಾ?" ಅಂತ ಕೇಳುತ್ತಾರೆ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ತಾಯಂದಿರದ್ದೂ ಇದೇ ಮಾತು.

ಹೌದು, ಆಟ ಆಡಿಸುತ್ತಾರೆ. ಒಂದನೇ ಕ್ಲಾಸಿಗೆ ಮೊದಲ ಕೆಲವು ವಾರ ಇರುವುದೇ ಹಾಗೆ. ಹಾಡು, ಕಥೆ, ಮಣ್ಣಿನ ಉಂಡೆ, ಬೀಜ ಎಣಿಸುವುದು, ದೊಡ್ಡದು ಚಿಕ್ಕದು ಬೇರೆ ಮಾಡುವುದು. ಪೆನ್ಸಿಲ್ ಹಿಡಿಯುವ ಮುಂಚೆ ಬೆರಳು ಪಳಗಬೇಕು ಅಲ್ವಾ?

ಮಗಳ ಶಾಲೆಯಲ್ಲಿರುವುದು ನಲಿಕಲಿ, ಅಂದರೆ ಆಡುತ್ತಾ ಕಲಿಯುವ ಪದ್ಧತಿ. ಇದರಲ್ಲಿ ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂರುತ್ತಾರೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದದ್ದು ಇದು. ಇಲ್ಲಿ ಮೊದಲು ಕಲಿಸುವುದು ಅ ಆ ಇ ಈ ಅಲ್ಲ. ರ, ಗ, ಸ, ದ, ಅ. ನನಗೂ ಮೊದಲು ವಿಚಿತ್ರ ಅನಿಸಿತ್ತು. ಆದರೆ ಈ ಐದೇ ಅಕ್ಷರ ಬಂದರೆ ಸರ, ದರ, ಅಗಸ, ಅರಸ ಎಲ್ಲ ಓದಬಹುದು. ಒಂದು ಪದ ಓದಲು ಮಗು 49 ಅಕ್ಷರ ಬಾಯಿಪಾಠ ಆಗುವ ತನಕ ಕಾಯಬೇಕಿಲ್ಲ.

ಮೊನ್ನೆ ಮಾವ ಜಗಲಿಯಲ್ಲಿ ಕೂತು ಅರದಲ್ಲಿ ಗರಗಸ ಮಸೆಯುತ್ತಿದ್ದರು. ಮಗಳು ಹತ್ತಿರ ಹೋಗಿ, "ಅಜ್ಜ, ಇದು ಗರಗಸ. ಅದು ಅರ. ಎರಡೂ ನಮ್ಮ ಕಾರ್ಡಲ್ಲಿದೆ" ಅಂದಳು. ಅದನ್ನು ಟೀಚರ್ ಇನ್ನೂ ಅವಳಿಗೆ ಕಲಿಸಿಲ್ಲ. ಎರಡನೇ ಕ್ಲಾಸಿನವರು ಹೋದ ವರ್ಷದ್ದನ್ನು ಮತ್ತೆ ಓದುತ್ತಿದ್ದಾರೆ. ಪಕ್ಕದಲ್ಲಿ ಕೂತ ಅಕ್ಕನ ಕಲಿಕೆ ಕಾರ್ಡ್ ನೋಡಿ ಇವಳು ಹಿಡಿದುಕೊಂಡಿದ್ದಾಳೆ. ಮಾವ ಕೆಲಸ ನಿಲ್ಲಿಸಿ, ಇದ್ದಿಲಲ್ಲಿ ನೆಲದ ಮೇಲೆ ಬರೆಯಲು ಹೇಳಿದರು. ರ ಚೆನ್ನಾಗಿಯೇ ಬಂತು. ಗ ತಲೆಕೆಳಗಾಗಿತ್ತು. ಅತ್ತೆ ಮಾತಾಡದೆ ನೋಡುತ್ತಾ ನಿಂತಿದ್ದರು.

ಮಗನದ್ದು ಬೇರೆ ಕಥೆ. ಅವನನ್ನು ಮೊದಲು ಒಂದು ಖಾಸಗಿ ಶಾಲೆಗೆ ಸೇರಿಸಿದ್ದೆವು. ಮೊದಲ ವಾರದಿಂದಲೇ ದಿನಕ್ಕೆ ಮೂರು ಪುಟ ಬರಹ. ನೋಟ್‌ಬುಕ್ ತುಂಬಿದ್ದು ನೋಡಿ ನಾವೂ ಖುಷಿಪಟ್ಟೆವು. ಮೂರನೇ ಕ್ಲಾಸಿಗೆ ಬಂದಾಗ ಗೊತ್ತಾಯಿತು, 52ರಲ್ಲಿ 27 ಕಳೆಯಲು ಅವನಿಗೆ ಬರುತ್ತಿರಲಿಲ್ಲ. ದಶಕ ತಗೊಳ್ಳುವುದು, ಅಂದರೆ ಒಂದು ಹತ್ತನ್ನು ಬಿಡಿಸಿ ಬಿಡಿಗೆ ಸೇರಿಸಿಕೊಳ್ಳುವುದು, ಏನು ಅಂತಲೇ ತಿಳಿದಿರಲಿಲ್ಲ. ಯಾರೂ ನಿಂತು ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ಆ ನೋವು ನನಗೆ ಇನ್ನೂ ಇದೆ.

ಈಗ ಅವನು ತಂಗಿಯ ಶಾಲೆಯಲ್ಲೇ ಐದನೇ ಕ್ಲಾಸ್. ಅಲ್ಲಿ ಜೂನ್‌ನಲ್ಲಿ ಸೇತುಬಂಧ ನಡೆಯುತ್ತದೆ. ಹೊಸ ಪಾಠ ತೆಗೆಯುವ ಮುಂಚೆ ಒಂದು ಸಣ್ಣ ಪರೀಕ್ಷೆ. ಅಂಕಕ್ಕಲ್ಲ, ಹಿಂದಿನ ಕ್ಲಾಸಿನದ್ದು ಏನು ಬರುತ್ತೆ, ಏನು ಬರಲ್ಲ ಅಂತ ನೋಡುವುದಕ್ಕೆ. ಬರದಿದ್ದನ್ನು ಮತ್ತೆ ಕಲಿಸಿ, ಕೊನೆಗೆ ಇನ್ನೊಮ್ಮೆ ಪರೀಕ್ಷೆ ಮಾಡುತ್ತಾರೆ. ಮಗ ಹತ್ತು ಹತ್ತು ಕಡ್ಡಿಯ ಕಟ್ಟು ಬಿಚ್ಚಿ ಬಿಚ್ಚಿ ಕಳೆಯುವ ಲೆಕ್ಕ ಮಾಡುತ್ತಿದ್ದಾನೆ. ಐದನೇ ಕ್ಲಾಸಿನ ಹುಡುಗ ಕಡ್ಡಿ ಎಣಿಸುವುದಾ ಅಂತ ನಗುವವರು ನಗಲಿ. ನನಗೆ ಆ ಕಡ್ಡಿಕಟ್ಟು ನೋಡಿದರೆ ಸಮಾಧಾನ.

ಎಲ್ಲ ಚೆನ್ನಾಗಿದೆ ಅಂತ ನಾನು ಹೇಳುತ್ತಿಲ್ಲ. ಮೂರು ಕ್ಲಾಸಿನ ಮಕ್ಕಳನ್ನು ಒಬ್ಬರೇ ಟೀಚರ್ ನೋಡಬೇಕು. ಅದರ ಜೊತೆ ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ. ಎಸ್ಟೇಟ್ ಲೈನಿನಿಂದ, ಅಂದರೆ ತೋಟದ ಕೆಲಸಗಾರರ ಸಾಲುಮನೆಗಳಿಂದ ಬರುವ ಎಷ್ಟೋ ಮಕ್ಕಳ ಮನೆಮಾತು ಕನ್ನಡವಲ್ಲ. ಅವರಿಗೆ ಮಾತು ಕಲಿಯಲೇ ಈ ವಾರಗಳು ಬೇಕು. ಅಂಥ ಟೀಚರ್ ಹತ್ತಿರ ಹೋಗಿ "ಪಾಠ ಯಾವಾಗ ಶುರು ಮಾಡ್ತೀರಾ ಮೇಡಂ?" ಅಂತ ಅವಸರ ಮಾಡಿದರೆ, ಅವರೂ ಬೋರ್ಡ್ ಮೇಲೆ ಬರೆದು ಕಾಪಿ ಮಾಡಿಸಿ ಕೈತೊಳೆದುಕೊಳ್ಳುತ್ತಾರೆ.

ಜುಲೈ ಬಂತು ಅಂದರೆ ನಮ್ಮಲ್ಲಿ ಮಳೆ ರಜೆ. ಹಳ್ಳ ತುಂಬಿದರೆ ಆಚೆ ಕಡೆಯ ಮಕ್ಕಳು ಬರುವುದೇ ಇಲ್ಲ. ಅದಕ್ಕೇ ಕೇಳಿಕೊಳ್ಳುತ್ತೇನೆ, "ಪಾಠ ಇನ್ನೂ ಶುರುವಾಗಿಲ್ಲ" ಅಂತ ಈಗ ಮಕ್ಕಳನ್ನು ಮದುವೆ, ಗೃಹಪ್ರವೇಶಕ್ಕೆ ಕರೆದುಕೊಂಡು ಹೋಗಬೇಡಿ. ದಿನಾ ಕಳಿಸಿ. ಸಂಜೆ ಬ್ಯಾಗ್ ನೋಡುವ ಬದಲು ಇವತ್ತು ಯಾವ ಹಾಡು ಕಲಿತೆ ಅಂತ ಕೇಳಿ.